ನಿಮಗಿದು ಗೊತ್ತೆ? ಕ್ಲೋರಿನ್ ನೀರಿನಲ್ಲಿ ಬಿಟ್ಟುಹೋಗುವುದೇನು?

ಯಲಹಂಕದ ನಲ್ಲಿಗಳಿಗೆ ಬರುವ ಕಾವೇರಿ ನೀರು ತೊರೆಕಾಡನಹಳ್ಳಿಯಲ್ಲಿ ಶುದ್ಧಗೊಂಡು, ಸುಮಾರು 100 ಕಿ.ಮೀ. ಕೊಳವೆಯಲ್ಲಿ ಸಾಗಿ, ಬೆಂಗಳೂರು ನಗರವನ್ನು ದಾಟಿ ಉತ್ತರದ ಅಂಚು ತಲುಪುತ್ತದೆ. ದಾರಿಯುದ್ದಕ್ಕೂ ರೋಗಾಣುಗಳಿಂದ ಅದನ್ನು ಕಾಯುವುದು ಕ್ಲೋರಿನ್. ಆದರೆ ಇದೇ ಕ್ಲೋರಿನ್, ಎಲೆ, ಪಾಚಿಗಳಿಂದ ನೀರಿಗಿಳಿದ ಸಾವಯವ ಅಂಶದೊಡನೆ ಬೆರೆತು ಕ್ಲೋರೋಫಾರಂ ಮುಂತಾದ ಟ್ರೈಹಾಲೋಮೀಥೇನ್‌ಗಳನ್ನು ಉಂಟುಮಾಡುತ್ತದೆ. ರಾಟರ್‌ಡ್ಯಾಮಿನ ವಿಜ್ಞಾನಿ ಯೊಹಾನೆಸ್ ರೂಕ್ ಇದನ್ನು 1974ರಲ್ಲೇ ತೋರಿಸಿಕೊಟ್ಟರು. ಇಂಥ ನೀರಿನ ದೀರ್ಘಕಾಲದ ಸೇವನೆಗೂ ಮೂತ್ರಕೋಶದ ಕ್ಯಾನ್ಸರಿಗೂ ನಂಟಿರಬಹುದೆಂದು ಹಲವು ಅಧ್ಯಯನಗಳು ಸೂಚಿಸಿವೆ. ಅಮೆರಿಕ 1979ರಲ್ಲೇ ಮಿತಿ ಹೇರಿತು. ಈಗ ಅಲ್ಲಿ ನಾಲ್ಕು ಮುಖ್ಯ ಟ್ರೈಹಾಲೋಮೀಥೇನ್‌ಗಳು ಸೇರಿ ಲೀಟರಿಗೆ 0.08 ಮಿಲಿಗ್ರಾಂ ಮೀರುವಂತಿಲ್ಲ. ಕುಡಿಯುವ ನೀರಿಗಿರುವ ನಮ್ಮ ಐಎಸ್ 10500 ಮಾನಕ ಕ್ಲೋರೋಫಾರಂ ಒಂದಕ್ಕೇ ಲೀಟರಿಗೆ 0.2 ಮಿಲಿಗ್ರಾಂವರೆಗೆ ಅವಕಾಶ ಕೊಡುತ್ತದೆ.

ಹಾಗಾದರೆ ಕ್ಲೋರಿನ್ ಕೈಬಿಡೋಣವೇ? ಖಂಡಿತ ಬೇಡ. ಕಾಲರಾ, ಟೈಫಾಯ್ಡ್ ಜೀವವನ್ನೇ ತೆಗೆಯಬಲ್ಲವು. ಸೋಂಕುನಿವಾರಣೆಯಲ್ಲಿ ರಾಜಿ ಸಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಸರಿಯಾದ ದಾರಿ, ಕ್ಲೋರಿನ್ ಬೆರೆಸುವ ಮೊದಲೇ ಸಾವಯವ ಅಂಶವನ್ನು ಆದಷ್ಟು ತೆಗೆಯುವುದು. ಜೊತೆಗೆ, ನಲ್ಲಿ ನೀರಿನಲ್ಲಿ ಟ್ರೈಹಾಲೋಮೀಥೇನ್ ಎಷ್ಟಿದೆಯೆಂದು ಪರೀಕ್ಷಿಸುತ್ತಲೂ ಇರಬೇಕು. ಈ ಪರೀಕ್ಷೆಗೆ ಖರ್ಚು ಹೆಚ್ಚೆಂಬ ಆಕ್ಷೇಪ ನಿಜವೇ. ಆದರೆ ಪ್ರತಿ ಮನೆಯಲ್ಲೂ ಪರೀಕ್ಷಿಸಬೇಕಿಲ್ಲ. ನೀರು ಕೊಳವೆಯಲ್ಲಿ ಹೆಚ್ಚು ಹೊತ್ತು ಇದ್ದಷ್ಟೂ, ಬಿಸಿಲು ಏರಿದಷ್ಟೂ ಈ ವಸ್ತುಗಳು ಹೆಚ್ಚುತ್ತವೆ. ಹಾಗಾಗಿ ಕೊಳವೆಜಾಲದ ಕೊನೆಯಲ್ಲಿ, ಬೇಸಿಗೆಯಲ್ಲಿ ತೆಗೆದ ಮಾದರಿಗಳೇ ಬಹಳಷ್ಟನ್ನು ಹೇಳುತ್ತವೆ. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಕಾವೇರಿ 5ನೇ ಹಂತ ದಿನಕ್ಕೆ 77.5 ಕೋಟಿ ಲೀಟರ್ ನೀರನ್ನು ಹೊರವಲಯದ ಹಳ್ಳಿಗಳಿಗೂ ಒಯ್ಯುವ ಯೋಜನೆ. ಆ ಕೊನೆಯ ನಲ್ಲಿಗಳ ಟ್ರೈಹಾಲೋಮೀಥೇನ್ ಪ್ರಮಾಣವನ್ನು ಜಲಮಂಡಳಿ ವಾರ್ಡುವಾರು ಪ್ರಕಟಿಸಲಿ. ನಾವೂ ಅದನ್ನು ಕೇಳೋಣ.