ಮನೆಯ ಜಾಲಕ್ಕೊಂದು ಕಾವಲು

ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ಹುಬ್ಬಳ್ಳಿಯ ದಾರಿಯಿಂದ ಚಿತ್ರದುರ್ಗದ ಹಳಿ ಕವಲೊಡೆಯುವುದನ್ನು ವಾಚಕರು ಬಲ್ಲರು. ಯಾವ ಗಾಡಿ ಯಾವ ಹಳಿಗೆ, ಯಾವುದಕ್ಕೆ ತಡೆ ಎಂಬುದು ಅಲ್ಲಿ ನಿರ್ಣಯವಾಗುವುದು. ಅಂತರಜಾಲದಿಂದ ಮನೆಗೆ ಬರುವ ಮಾಹಿತಿಯ ಪ್ಯಾಕೆಟ್ಟುಗಳಿಗೆ ಅದೇ ಕಾರ್ಯವನ್ನು ಫೈರ್‌ವಾಲ್ ರೂಟರು ಮಾಡುತ್ತದೆ. ಹಳೆಯ ಗಣಕಯಂತ್ರವೊಂದಕ್ಕೆ ಪಿಎಫ್‌ಸೆನ್ಸ್ ಎಂಬ ತಂತ್ರಾಂಶವನ್ನು ಹಾಕಿ ಇದನ್ನು ನಾವೇ ಕಟ್ಟಿಕೊಳ್ಳಬಹುದು.

ಪ್ರೊಸೆಸರಿನ ವೇಗಕ್ಕೆ ನಾವು ಮರುಳಾಗಬೇಕಾದುದಿಲ್ಲ. 100 ಮೆಗಾಬಿಟ್ ಸಂಪರ್ಕಕ್ಕೆ ಹತ್ತು ವರ್ಷ ಹಳೆಯದಾದ, 64 ಬಿಟ್‌ನ ಸಾಧಾರಣ ಯಂತ್ರವೂ ಸಾಕು. ಮುಖ್ಯವಾದುವು ನೆಟ್‌ವರ್ಕ್ ಕಾರ್ಡುಗಳು, ಹೊರಗಿಗೊಂದು, ಒಳಗಿಗೊಂದು. ಪಿಎಫ್‌ಸೆನ್ಸ್‌ಗೆ ಆಧಾರವಾದ ಫ್ರೀಬಿಎಸ್‌ಡಿಯೊಡನೆ ಇಂಟೆಲ್ ಕಾರ್ಡುಗಳು ಸಾಮಾನ್ಯವಾಗಿ ಚೆನ್ನಾಗಿ ಹೊಂದುತ್ತವೆ. ಇನ್ನು, ಈ ಯಂತ್ರ ಹಗಲಿರುಳೂ ನಡೆಯತಕ್ಕದ್ದು. 60 ವಾಟ್ ಎಳೆಯುವ ಯಂತ್ರಕ್ಕೆ ತಿಂಗಳಿಗೆ ಸುಮಾರು 43 ಯೂನಿಟ್ ಬೇಕು. 10 ವಾಟ್‌ನ ಚಿಕ್ಕ ಪೆಟ್ಟಿಗೆಗೆ 7 ಯೂನಿಟ್. ಪುಕ್ಕಟೆ ಸಿಕ್ಕ ಹಳೆಯ ಯಂತ್ರ ಪುಕ್ಕಟೆಯೇನಲ್ಲ!

ಮಕ್ಕಳು ಪರೀಕ್ಷೆಯ ಅರ್ಜಿ ತುಂಬುತ್ತಿರುವಾಗಲೇ ಸಂಪರ್ಕ ಕಡಿಯಿತೆನ್ನೋಣ. ಫೈರ್‌ವಾಲನ್ನೇ ಕಿತ್ತಿಟ್ಟು ಹೊರಗಿನ ತಂತಿಯನ್ನು ನೇರವಾಗಿ ಗಣಕಕ್ಕೆ ಸಿಕ್ಕಿಸುವ ಆತುರ ಬೇಡ. ಕಾವಲಿಲ್ಲದ ಬಾಗಿಲನ್ನು ತೆರೆದಂತಾಗುತ್ತದೆ. ಮೊದಲು ಒಳಗಿನಿಂದ ರೂಟರಿಗೆ ‘ಪಿಂಗ್’ ಎಂಬ ಕರೆಯನ್ನು ಕಳುಹಿಸೋಣ. ಉತ್ತರ ಬಂದರೆ ದೋಷವು ಬಹುಶಃ ಅದರಾಚೆಗಿದೆ. ಗಿಗಾಬಿಟ್ ಕಾರ್ಡು 100 ಮೆಗಾಬಿಟ್ಟಿಗೆ ಇಳಿದಿದ್ದರೆ ತಂತಿಯನ್ನು ಶಂಕಿಸಬೇಕು: ಗಿಗಾಬಿಟ್ಟಿಗೆ ನಾಲ್ಕು ಜೊತೆ ಎಳೆಗಳೂ ಬೇಕು, 100ಕ್ಕೆ ಎರಡು ಜೊತೆ ಸಾಕು. ಯಂತ್ರವೇ ಮತ್ತೆ ಮತ್ತೆ ತಾನಾಗಿ ನಿಂತು ಹೊಸದಾಗಿ ಹೊರಟರೆ ಬೇರೆ ಮಾತು. ಮದರ್‌ಬೋರ್ಡಿನಲ್ಲಿ ತಲೆ ಉಬ್ಬಿದ ಕೆಪಾಸಿಟರುಗಳಿವೆಯೇ ನೋಡಿ, ಎಸ್‌ಎಂಪಿಎಸ್ಸನ್ನು ಮಾತ್ರ ಬದಲಿಸಬೇಕು. ಎರಡು ಭಾಗಗಳನ್ನು ಒಟ್ಟಿಗೆ ಬದಲಿಸಿದರೆ ದೋಷ ಯಾವುದರಲ್ಲಿತ್ತೆಂದು ತಿಳಿಯದು. ಅದಕ್ಕೂ ಬಗ್ಗದಿದ್ದರೆ ರಾತ್ರಿಯಿಡೀ ಮೆಮ್‌ಟೆಸ್ಟ್ ನಡೆಸಿ ಬೆಳಗ್ಗೆ ನೋಡುವುದು.