ಪೆಟ್ಟಿಗೆಯ ಸೀರೆಯೂ ನದೀತೀರದ ಊರುಗಳೂ

ಹಳೆಯ ಉಡುಪಿನ ಮೇಲಣ ಮೋಹವು ನಮ್ಮ ನಗರದ ತರುಣ ತರುಣಿಯರಲ್ಲಿ ಈಚೆಗೆ ಬೆಳೆಯುತ್ತಿರುವುದನ್ನು ವಾಚಕರು ಗಮನಿಸಿರಬಹುದು. ಅಜ್ಜಿಯ ರೇಷ್ಮೆ ಸೀರೆ, ಅಜ್ಜನು ಕತ್ತಿನವರೆಗೆ ಗುಂಡಿ ಹಾಕಿಕೊಂಡು ಕಚೇರಿಗೆ ಹೋಗುತ್ತಿದ್ದ ಕೋಟು, ಜರಿಯಂಚಿನ ಪೇಟ, ಇವೆಲ್ಲವೂ ಪೆಟ್ಟಿಗೆಯಿಂದ ಹೊರಬಂದು ಮದುವೆಮನೆಗಳಲ್ಲಿ ಮೆರೆಯತೊಡಗಿವೆ. ಇದಕ್ಕೆ ಅವರು ‘ವಿಂಟೇಜ್’ ಎಂಬ ಹೆಸರನ್ನಿಟ್ಟುಕೊಂಡಿದ್ದಾರೆ. ಆ ಮಾತು ಮೂಲತಃ ದ್ರಾಕ್ಷಿಯ ಸುಗ್ಗಿಗೂ ಅದರ ಮದ್ಯಕ್ಕೂ ಸೇರಿದ್ದು. ನಮ್ಮ ಮನೆಗಳಲ್ಲಿ ‘ಪೆಟ್ಟಿಗೆಯ ಸೀರೆ’ ಎಂದರೆ ಸಾಕಾಗಿತ್ತು. ಹೆಸರು ಯಾವುದಾದರೇನು, ಅಭಿರುಚಿ ಒಳ್ಳೆಯದೇ.

ಇದೇ ತರುಣರು ರಜಾದಿನಗಳಲ್ಲಿ ನದೀತೀರದ ಮತ್ತು ಸಮುದ್ರತೀರದ ಊರುಗಳಿಗೆ ಹೋಗಿ ಎರಡು ದಿನ ಕಳೆದು ಬರುವುದೂ ಹೆಚ್ಚಾಗಿದೆ. ಇವೆರಡೂ ಬೇರೆ ಬೇರೆ ಹವ್ಯಾಸಗಳೆಂದು ಅವರು ತಿಳಿದಿದ್ದಾರೆ. ನಮಗಾದರೋ ಇವು ಒಂದೇ ಮಗ್ಗದ ಹಾಸು ಹೊಕ್ಕುಗಳೆಂದು ತೋರುತ್ತದೆ. ನೀರಿಲ್ಲದೆ ಬಟ್ಟೆಯಿಲ್ಲ. ರೇಷ್ಮೆಯ ಗೂಡು ಬಿಸಿನೀರಿನಲ್ಲಿ ನೆನೆಯದೆ ಎಳೆ ಬಿಚ್ಚದು. ಬಣ್ಣ ನೀರಿನಲ್ಲಿ ಕುದಿಯದೆ ನೂಲಿಗೆ ಹಿಡಿಯದು. ಗಂಜಿ ಕುಡಿಯದ ಹತ್ತಿಯ ಎಳೆ ಮಗ್ಗದ ಎಳೆತಕ್ಕೆ ತಡೆಯದು. ಆದ್ದರಿಂದ ಪೆಟ್ಟಿಗೆಯ ಸೀರೆಯ ಜಾತಕವನ್ನು ಹುಡುಕಿಕೊಂಡು ಹೊರಟವನು ಬಹುಮಟ್ಟಿಗೆ ಒಂದು ಹೊಳೆಯ ದಡಕ್ಕೇ ಬಂದು ನಿಲ್ಲುವನು.

ನಾವು ಈ ಲೇಖನವನ್ನು ಬರೆಯಲು ಕಾರಣವಾದದ್ದು ಮರ್ಫಿ ಟೌನು. ಬೆಂಗಳೂರು ದಂಡಿನ ಪೂರ್ವಭಾಗದಲ್ಲಿ, ಹಲಸೂರು ಕೆರೆಗೆ ನಡೆದು ಹೋಗುವಷ್ಟು ಸಮೀಪದಲ್ಲಿರುವ ಈ ಬಡಾವಣೆಯ ಒತ್ತೊತ್ತಾದ ಬೀದಿಗಳಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ಎಲ್ಲವೂ ಒಂದೇ ಜಗಲಿಯ ಮೇಲೆ ಕೇಳಿಬರುತ್ತವೆ. ೧೮೦೯ರಲ್ಲಿ ದಂಡು ಇಲ್ಲಿ ನೆಲೆಯೂರಿದಂದಿನಿಂದ ಅದನ್ನು ನಂಬಿ ಬಂದು ನೆಲಸಿದ ಕುಟುಂಬಗಳೆಷ್ಟೋ; ಅವರ ಪೆಟ್ಟಿಗೆಗಳಲ್ಲಿ ಎಲ್ಲೆಲ್ಲಿಯ ಬಟ್ಟೆಗಳೋ. ಈ ಬೀದಿಗಳಲ್ಲಿ ಮಧ್ಯಾಹ್ನ ಗಂಡಸರು ಕೆಲಸಕ್ಕೆ ಹೋದ ಹೊತ್ತಿನಲ್ಲಿ ಒಂದು ಕೂಗು ಕೇಳಿಬರುತ್ತದೆ: “ಹಳೇ ಜರಿ ಸೀರೆ! ಹಳೇ ರೇಷ್ಮೆ ಸೀರೆ!”

ಹೀಗೆ ಕೂಗಿದವನನ್ನು ನೆರೆಮನೆಯ ವೃದ್ಧೆಯೊಬ್ಬರು ಒಳಗೆ ಕರೆದದ್ದನ್ನು ನಾವು ನೋಡಿದೆವು. ಅವರು ತಂದಿಟ್ಟದ್ದು ಕುಂಕುಮವರ್ಣದ ಒಂದು ಮೈಸೂರು ಸೀರೆ; ಮಡಿಕೆಗಳಲ್ಲಿ ಬಿರುಕು ಬಿಟ್ಟಿತ್ತು, ಸೆರಗಿನ ಜರಿ ಮಾತ್ರ ಇನ್ನೂ ಹೊಳೆಯುತ್ತಿತ್ತು. “ಇದು ನಮ್ಮತ್ತೆಯವರು ಉಟ್ಟದ್ದಪ್ಪ, ನೋಡಿ ಬೆಲೆ ಹೇಳು” ಎಂದರು. ಅವನು ಜರಿಯ ಒಂದೆಳೆಯನ್ನು ಉಗುರಿನಿಂದ ಬಿಡಿಸಿ, ಒಳಗಿನ ಕೆಂಪು ರೇಷ್ಮೆಯ ನೂಲನ್ನು ಕಂಡು ತೃಪ್ತನಾಗಿ, ಒರೆಗಲ್ಲಿಗೆ ತಿಕ್ಕಿ, ಸೀರೆಯನ್ನು ತಕ್ಕಡಿಗೆ ಹಾಕಿದನು. “ಅಮ್ಮಾ, ನಾನು ಕೊಡೋದು ಬೆಳ್ಳಿಗೆ. ಬಟ್ಟೆಗೆ ಬೆಲೆ ಇಲ್ಲ” ಎಂದನು.

ಅವನು ಸುಳ್ಳಾಡಲಿಲ್ಲ. ಅವನ ಕೈಸೇರಿದ ಸೀರೆಗಳ ಗತಿಯೇನೆಂಬುದನ್ನು ಹಳೆಯ ಉಡುಪನ್ನು ಪ್ರೀತಿಸುವವರು ತಿಳಿದಿರಬೇಕು. ಅವುಗಳನ್ನು ಸುಡುತ್ತಾರೆ. ರೇಷ್ಮೆ ಬೂದಿಯಾಗುತ್ತದೆ, ಬೂದಿಯಿಂದ ಬೆಳ್ಳಿಯನ್ನೂ ಲೇಶಮಾತ್ರದ ಚಿನ್ನವನ್ನೂ ತೆಗೆದುಕೊಳ್ಳುತ್ತಾರೆ. ಮೈಸೂರು ರೇಷ್ಮೆಯ ಜರಿಯಲ್ಲಿ ನೂರಕ್ಕೆ ೬೫ ಪಾಲು ಬೆಳ್ಳಿ, ೦.೬೫ ಪಾಲು ಚಿನ್ನ. ಬೆಳ್ಳಿಯ ಧಾರಣೆ ಏರಿದಷ್ಟೂ ಈ ದಹನವೂ ಏರುವುದು ಸಹಜ. ಒಂದು ಕಡೆ ಹಳೆಯ ಸೀರೆಗಾಗಿ ಅಂಗಡಿ ಅಂಗಡಿ ಅಲೆಯುವ ತರುಣಿ, ಇನ್ನೊಂದು ಕಡೆ ಅದೇ ಸೀರೆಯನ್ನು ಕುಲುಮೆಗೆ ತೂಗಿ ಕೊಡುವ ವೃದ್ಧೆ. ಇಬ್ಬರ ಮನೆಗಳ ನಡುವೆ ಎರಡು ಬೀದಿಗಳ ಅಂತರವಿದ್ದರೂ ಒಬ್ಬರಿಗೊಬ್ಬರ ಸುದ್ದಿಯೇ ತಿಳಿಯದು.

ಆ ಕುಂಕುಮವರ್ಣದ ಸೀರೆ ಎಲ್ಲಿ ಹುಟ್ಟಿತು? ಮೈಸೂರಿನ ನೇಯ್ಗೆಯ ಕಾರ್ಖಾನೆಯನ್ನು ನಾಲ್ವಡಿ ಕೃಷ್ಣರಾಜ ಒಡೆಯರವರ ಕಾಲದಲ್ಲಿ ೧೯೧೨ರಲ್ಲಿ ಸ್ಥಾಪಿಸಿದರು. ಮಗ್ಗಗಳನ್ನು ಸ್ವಿಟ್ಜರ್ಲೆಂಡಿನಿಂದ ತರಿಸಿದರು. ಕೈಮಗ್ಗದ ಅಭಿಮಾನಿಗಳಾದ ನಮ್ಮ ಮಿತ್ರರು ಇದನ್ನು ಕೇಳಿ ಮೂಗು ಮುರಿಯಬಹುದು. ಆದರೆ ಯಂತ್ರದ ಮಗ್ಗದಲ್ಲಿ ನೇಯ್ದದ್ದೆಂಬ ಮಾತ್ರಕ್ಕೆ ಆ ಸೀರೆಯ ಮರ್ಯಾದೆ ಕುಂದಿಲ್ಲ. ನೂಲಿಗಾದರೋ ತಿರುಮಕೂಡಲು ನರಸೀಪುರಕ್ಕೇ ಹೋಗಬೇಕು. ಕಾವೇರಿಯೂ ಕಪಿಲೆಯೂ ಕೂಡುವ ಈ ಊರಿನಲ್ಲಿ ಸರ್ಕಾರದ ರೇಷ್ಮೆ ನೂಲು ಬಿಚ್ಚುವ ಕಾರ್ಖಾನೆಯಿದೆ. ರಾಮನಗರ ಮೊದಲಾದ ಕಡೆಗಳ ಮಾರುಕಟ್ಟೆಗಳಿಂದ ಬಂದ ಗೂಡುಗಳನ್ನು ಬಿಸಿನೀರಿನ ತೊಟ್ಟಿಯಲ್ಲಿ ಹಾಕಿ, ತುದಿಯನ್ನು ಹುಡುಕಿ, ಹಲವು ಗೂಡುಗಳ ಎಳೆಗಳನ್ನು ಸೇರಿಸಿ ಒಂದು ನೂಲಾಗಿ ಎಳೆಯುತ್ತಾರೆ. ಕಣ್ಣಿಗೆ ಕಂಡೂ ಕಾಣದ ಆ ಎಳೆ ಒಂದು ಗೂಡಿನಿಂದ ಸಾವಿರ ಗಜದ ಆಸುಪಾಸು ಬರುತ್ತದೆಂದರೆ ಮೊದಲು ನೋಡುವವರು ನಂಬುವುದಿಲ್ಲ. ಹೀಗೆ ಬಂದ ನೂಲು ಒರಟು. ಅದರ ತೂಕದಲ್ಲಿ ಕಾಲುಭಾಗದಷ್ಟು ಹುಳುವಿನ ಅಂಟೇ ಇರುತ್ತದೆ. ಸಾಬೂನಿನ ನೀರಿನಲ್ಲಿ ಕುದಿಸಿ ಆ ಅಂಟನ್ನು ಕಳೆದ ಮೇಲೆಯೇ ನಾವು ರೇಷ್ಮೆಯೆಂದು ಮುಟ್ಟಿ ಮೆಚ್ಚುವ ನಯವು ಹೊರಬೀಳುವುದು.

ನರಸೀಪುರದ ಸಂಗಮಕ್ಕೆ ೧೯೮೯ರಿಂದ ಮೂರು ವರ್ಷಕ್ಕೊಮ್ಮೆ ಕುಂಭಮೇಳವೂ ಆಗುತ್ತಿದೆ. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿಯಷ್ಟು ಹೆಚ್ಚೆಂದು ಇಲ್ಲಿಯ ಗುಂಜಾನರಸಿಂಹಸ್ವಾಮಿಯ ಭಕ್ತರು ಹೇಳುವರು. ಮೇಳದ ಗದ್ದಲವಿಲ್ಲದ ದಿನ ಸಾಯಂಕಾಲ ಸೋಪಾನದ ಮೇಲೆ ಕುಳಿತರೆ ಎರಡು ನದಿಗಳ ನೀರು ಒಂದಾಗುವುದನ್ನು ನೋಡುವ ಸುಖವೇ ಬೇರೆ. ಬೆಂಗಳೂರಿನಿಂದ ಸಂಗಮವನ್ನು ನೋಡಲು ಹೋದವರು ತಾವುಟ್ಟ ಸೀರೆಯ ನೂಲಿನ ತವರಿಗೇ ಬಂದಿದ್ದೇವೆಂಬುದನ್ನರಿಯದೆ ಹಿಂದಿರುಗುವುದು ಮಾತ್ರ ಸೋಜಿಗ.

ಘಟ್ಟದ ಕೆಳಗಿನ ಕಥೆ ಇನ್ನಷ್ಟು ಕಳವಳದ್ದು. ಅಲೆಯ ಮೇಲೆ ಹಲಗೆ ಹಾಯಿಸುವ ಹೊಸ ಆಟಕ್ಕಾಗಿ ನಮ್ಮ ತರುಣರು ಮೂಲ್ಕಿಗೆ ಹೋಗುತ್ತಾರೆ. ಶಾಂಭವಿ ನಂದಿನಿ ನದಿಗಳು ಕೂಡಿ ಕಡಲು ಸೇರುವ ಆ ತೀರ ಅತಿ ಮನೋಹರವಾದದ್ದು. ಅಲ್ಲಿಂದ ಒಳನಾಡಿಗೆ ಕೆಲವೇ ಮೈಲಿ ಸರಿದರೆ ಕಿನ್ನಿಗೋಳಿ. ಅಲ್ಲಿ ತಾಳಿಪಾಡಿ ನೇಕಾರರ ಸೊಸೈಟಿ. ಉಡುಪಿ ಸೀರೆಯೆಂದು ಹೆಸರಾದ ಹಗುರವಾದ ಹತ್ತಿಯ ಸೀರೆ ತಯಾರಾಗುವುದು ಇಂಥ ಸೊಸೈಟಿಗಳಲ್ಲಿ. ಸೆಕೆಯ ನಾಡಿನ ಹೆಂಗಸರು ದಿನನಿತ್ಯ ಉಡಲೆಂದೇ ಹುಟ್ಟಿದ ಬಟ್ಟೆಯದು. ಎಷ್ಟು ಒಗೆದರೆ ಅಷ್ಟು ಮೆತ್ತಗಾಗುವ ಗುಣ. ಒಂದು ಕಾಲಕ್ಕೆ ಕರಾವಳಿಯ ಮನೆಮನೆಯಲ್ಲಿದ್ದ ಈ ಸೀರೆಯ ನೇಕಾರರು ಬೆರಳೆಣಿಕೆಗೆ ಇಳಿದರು, ಉಳಿದವರೂ ಮುದುಕರು. ಯಂತ್ರದ ಸೀರೆ ಅಗ್ಗ, ಬೀಡಿ ಕಟ್ಟಿದರೂ ಮಗ್ಗಕ್ಕಿಂತ ಹೆಚ್ಚು ಸಿಕ್ಕೀತು ಎಂಬಂತಾದಾಗ ಮಕ್ಕಳು ಕುಳಿಮಗ್ಗಕ್ಕೆ ಏಕೆ ಇಳಿದಾರು? ೨೦೧೬ರಲ್ಲಿ ಈ ಸೀರೆಗೆ ಊರಿನ ಹೆಸರಿನ ಹಕ್ಕಿನ ಮುದ್ರೆ ದೊರೆಯಿತು. ಮುದ್ರೆಯೊಂದರಿಂದಲೇ ಮಗ್ಗ ಆಡುವುದಿಲ್ಲವಷ್ಟೆ. ಆಮೇಲೆ ಕದಿಕೆ ಎಂಬ ಟ್ರಸ್ಟಿನವರು ಸೊಸೈಟಿಯೊಡನೆ ಸೇರಿ ಹೊಸಬರಿಗೆ ಕಲಿಸಿ, ಅಡಿಕೆಯ ಚೊಗರು ಮೊದಲಾದ ಗಿಡಮೂಲದ ಬಣ್ಣಗಳನ್ನು ಮತ್ತೆ ರೂಢಿಗೆ ತಂದು, ನೇಯ್ದವರ ಹೆಸರನ್ನು ಸೀರೆಯೊಂದಿಗೇ ಕಳುಹಿಸತೊಡಗಿದ ಮೇಲೆ ಕೊಳ್ಳುವವರು ಬಂದರು. ಸೀರೆಗೆ ಮೊದಲಿದ್ದ ಬೆಲೆಗಿಂತ ಹೆಚ್ಚು ಕೊಡಲು ಸಿದ್ಧರಾದ ಗಿರಾಕಿಗಳು ಸಿಕ್ಕಿದ್ದೇ ಇಲ್ಲಿಯ ನಿಜವಾದ ಔಷಧ.

ದಂಡಿನವರಿಗೆ ಹೆಚ್ಚು ಪರಿಚಿತವಾದ ಬಟ್ಟೆಯೊಂದಕ್ಕೂ ಇದೇ ಕರಾವಳಿಗೂ ಸಂಬಂಧವುಂಟು. ನೇತ್ರಾವತಿಯೂ ಗುರುಪುರ ನದಿಯೂ ಕಡಲಿಗೆ ಬೀಳುವ ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು ೧೮೫೧ರಲ್ಲಿ ಹಾಲ್ಲರ್ ಎಂಬವರ ಕೈಯಲ್ಲಿ ನೇಯ್ಗೆಯ ಕೆಲಸವನ್ನು ಆರಂಭಿಸಿದರು. ಖಾಕಿಯ ಬಣ್ಣ ಹುಟ್ಟಿದ್ದು ಅಲ್ಲಿಯೇ ಎಂದು ಮಂಗಳೂರಿನವರು ಹೆಮ್ಮೆಯಿಂದ ಹೇಳುವರು. ೧೮೪೬ರಲ್ಲಿ ಪೇಶಾವರದಲ್ಲಿ ಕಟ್ಟಿದ ಗೈಡ್ಸ್ ದಳದವರು ತಮ್ಮದೇ ಮೊದಲೆನ್ನುವರು. ನಾವು ಈ ವ್ಯಾಜ್ಯದ ತೀರ್ಪಿಗೆ ಕೂಡುವುದಿಲ್ಲ. ಮರ್ಫಿ ಟೌನಿನ ತರುಣನು ಹಳೆಯ ಸೈನಿಕ ಕೋಟನ್ನು ಕೊಂಡು ತೊಡುವಾಗ ಅದರ ಧೂಳುಬಣ್ಣದ ಹಿಂದೆ ಇಷ್ಟು ಜಗಳವಿದೆಯೆಂದು ತಿಳಿದಿದ್ದರೆ ಚೆನ್ನ.

ಉತ್ತರಕ್ಕೆ ತಿರುಗಿದರೆ ನೀರು ಕೊಟ್ಟದ್ದನ್ನೂ ನೀರು ಕಸಿದುಕೊಂಡದ್ದನ್ನೂ ಒಟ್ಟಿಗೇ ಕಾಣಬೇಕಾಗುತ್ತದೆ. ಘಟಪ್ರಭೆಯ ದಂಡೆಯ ಹಳೆಯ ಬಾಗಲಕೋಟೆಯ ಎಷ್ಟೋ ಓಣಿಗಳು ಆಲಮಟ್ಟಿಯ ಹಿನ್ನೀರಿಗೆ ಹೋದವು. ಜನ ನವನಗರಕ್ಕೆ ಹೋದರು. ಕೃಷ್ಣೆಗೆ ಮಲಪ್ರಭೆ ಸೇರುವ ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಮಂಟಪವನ್ನು ನಾರಾಯಣಪುರ ಅಣೆಕಟ್ಟಿನ ನೀರಿನಿಂದ ರಕ್ಷಿಸಲು ಸುತ್ತಲೂ ಬಾವಿಯಂತೆ ಗೋಡೆ ಕಟ್ಟಿದ್ದಾರೆ. ಯಾತ್ರಿಕರು ಮೆಟ್ಟಿಲಿಳಿದು ನೋಡಬೇಕು. ಆ ಸಂಗಮಕ್ಕೆ ದೂರವಲ್ಲದ ಇಳಕಲ್ಲಿನಲ್ಲಿ ಇನ್ನೂ ಮಗ್ಗದ ಸದ್ದಿದೆ. ಇಳಕಲ್ ಸೀರೆಯ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಂದರ ಎಳೆಯನ್ನು ಇನ್ನೊಂದರ ಎಳೆಗೆ ಕೊಂಡಿ ಹಾಕಿ ಕೂಡಿಸುತ್ತಾರೆ. ಸಾವಿರಾರು ಕೊಂಡಿಗಳನ್ನು ಕೂತು ಕಟ್ಟುವವರು ಬಹುತರ ಮನೆಯ ಹೆಂಗಸರು, ಕೂಲಿಯ ಲೆಕ್ಕದಲ್ಲಿ ಅವರ ಹೆಸರು ಬರುವುದು ಅಪೂರ್ವ. ಕೆಂಪು ಸೆರಗಿನ ಬಿಳಿಯ ಪಟ್ಟಿಗಳಲ್ಲಿ ಹಣಿಗೆಯ ಹಲ್ಲು, ಕೋಟೆಯ ತೆನೆ, ಜೋಳದ ತೆನೆಗಳ ಆಕಾರಗಳನ್ನು ಗುರುತಿಸಬಹುದು. ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಗವಂತಿ, ಮುರಗಿ, ನೇಗಿ, ಮೆಂತೆ ಎಂಬ ನಾಲ್ಕು ಬಗೆಯ ಹೊಲಿಗೆಯಲ್ಲಿ ತೆಗೆದ ಕಸೂತಿಯಿದ್ದರೆ ಅದು ಅಜ್ಜಿಯ ಪೆಟ್ಟಿಗೆಯ ರತ್ನವೇ ಸರಿ. ಒಳ್ಳೆಯ ಕಸೂತಿಗೆ ಗಂಟಿಲ್ಲ.

ಈಗ ಅಂಗಡಿಗಳಲ್ಲಿ ಇಳಕಲ್ಲೆಂದು ಮಾರುವುದರಲ್ಲಿ ಯಂತ್ರಮಗ್ಗದ್ದು ಬಹಳ. ಅದಕ್ಕೆ ಕೊಂಡಿಯಿಲ್ಲ, ಮೈ ಸೆರಗು ಕೂಡುವ ಕಡೆ ಬೆರಳಾಡಿಸಿದರೆ ಸಣ್ಣ ದಪ್ಪವೊಂದು ಸಿಕ್ಕದೆ ಹೋಗುವುದರಿಂದಲೇ ತಿಳಿಯಬಹುದು. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೆಂದೇ ಮೀಸಲಿಡುವ ಕಾಯಿದೆ ೧೯೮೫ರಲ್ಲಿ ಆಯಿತು. ಆಗ ೨೨ ಬಗೆಗಳಿದ್ದವು. ಅವನ್ನು ೧೧ಕ್ಕೆ ಇಳಿಸಿದರು. ಉಳಿದ ಹನ್ನೊಂದರ ಮೀಸಲಾತಿಯಾದರೂ ಪೇಟೆಯ ಅಂಗಡಿಯವರೆಗೆ ತಲುಪಿದೆಯೇ ಎಂಬುದನ್ನು ಸಂಬಂಧಪಟ್ಟ ಅಧಿಕಾರಿಗಳು ಒಂದು ಸಾಯಂಕಾಲ ತಾವೇ ಗಿರಾಕಿಗಳಾಗಿ ಹೋಗಿ ನೋಡಿದರೆ ಒಳ್ಳೆಯದು. ಕೊಳ್ಳುವವನಿಗೆ ಹೊಸದರ ಮೇಲೆ ನಂಬಿಕೆ ಹೋದಾಗಲೇ ಹಳೆಯದರ ಮೇಲೆ ಇಷ್ಟು ಮೋಹ ಹುಟ್ಟುವುದೆಂದು ನಮ್ಮ ಗುಮಾನಿ.

ಪೆಟ್ಟಿಗೆಯುಳ್ಳವರಿಗೆ ಎರಡು ಮಾತು. ರೇಷ್ಮೆ ಬಿರಿಯುವುದು ಮಡಿಕೆಯಲ್ಲಿ. ಆದ್ದರಿಂದ ಮೂರು ತಿಂಗಳಿಗೊಮ್ಮೆ ಬಿಚ್ಚಿ ಮಡಿಕೆ ಬದಲಾಯಿಸಿ, ನೆರಳಿನಲ್ಲಿ ಗಾಳಿಗೆ ಹರಡಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಬೆವರುತ್ತದೆ. ಒಗೆದು ಒಗೆದು ಮೆತ್ತಗಾದ ಹಳೆಯ ಪಂಚೆಯೇ ಉತ್ತಮವಾದ ಹೊದಿಕೆ. ನುಸಿಗುಳಿಗೆಯನ್ನು ಜರಿಗೆ ತಾಗಿಸಬಾರದು, ಕಪ್ಪಾದೀತು. ಒಗೆಯಲೇಬೇಕಾದರೆ ಅಂಟುವಾಳದ ನೊರೆ ಸಾಕು. ಇದಿಷ್ಟೂ ನಮ್ಮ ಮನೆಯ ಹಿರಿಯ ಹೆಂಗಸರಿಂದ ಕೇಳಿ ಬರೆದದ್ದು. ಗಂಡಸರ ಪಾಂಡಿತ್ಯ ಇದರಲ್ಲಿಲ್ಲ.

ಆದರೆ ಪೆಟ್ಟಿಗೆಯ ಪೆಂಗುಟ್ಟಿನ ವಾಸನೆಯಲ್ಲಿ ಸೀರೆ ಎಷ್ಟು ಕಾಲ ಕಾದೀತು? ಜಪಾನಿನ ಕ್ಯೋಟೋ ನಗರದಲ್ಲಿ ತೋಜಿ ಎಂಬ ಬೌದ್ಧ ದೇವಾಲಯದ ಅಂಗಳದಲ್ಲಿ ಪ್ರತಿ ತಿಂಗಳ ೨೧ನೆಯ ತಾರೀಖು ಸಂತೆ ಸೇರುತ್ತದೆ. ಅಲ್ಲಿ ಹಳೆಯ ಕಿಮೋನೋಗಳ ರಾಶಿಗಳನ್ನು ಹರಡುತ್ತಾರೆ. ವಿದೇಶೀಯರೂ ಊರವರೂ ಮುಗಿಬಿದ್ದು ಕೊಳ್ಳುತ್ತಾರೆ. ಅದೇ ಊರಿನ ಕಾಮೋ ನದಿಯ ಹರಿಯುವ ನೀರಿನಲ್ಲಿ ಹಿಂದೆ ಬಣ್ಣ ಹಾಕಿದ ರೇಷ್ಮೆಯ ಉದ್ದುದ್ದ ತುಂಡುಗಳನ್ನು ಜಾಲಿಸುತ್ತಿದ್ದರು. ನೀರು ಕೆಡುವುದೆಂದು ಆ ಪದ್ಧತಿ ನಿಂತಿತು, ಸಂತೆ ನಿಂತಿಲ್ಲ.

ಇಂಥದೊಂದು ಸಂತೆ ಹಲಸೂರು ಕೆರೆಯ ದಡದಲ್ಲಿ ಏಕಾಗಬಾರದು? ಮೆಟ್ರೋ ಬಂಡಿ ೨೦೧೧ರಿಂದ ಹಲಸೂರಿಗೆ ಬರುತ್ತಿದೆ. ಹೊರಗಿನವರಿಗೆ ದಾರಿಯ ಕಷ್ಟವಿಲ್ಲ. ತಿಂಗಳಿಗೊಂದು ಭಾನುವಾರ ಬೆಳಗ್ಗೆ ಮರ್ಫಿ ಟೌನು, ಹಲಸೂರು, ಶಿವಾಜಿನಗರಗಳ ಮನೆಯೊಡತಿಯರು ತಮ್ಮ ಪೆಟ್ಟಿಗೆಗಳನ್ನು ತರಲಿ. ಹರಿದದ್ದನ್ನು ರಫೂ ಮಾಡುವವರು ಕೂಡಲಿ. ಕಿನ್ನಿಗೋಳಿಯವರೂ ಇಳಕಲ್ಲಿನವರೂ ಹೊಸದನ್ನು ತಂದು ಪಕ್ಕದಲ್ಲಿ ಹಾಸಲಿ. ನಗರದ ಆಡಳಿತದವರು ಕೊಡಬೇಕಾದದ್ದು ಜಾಗ, ನೆರಳು, ಕುಡಿಯುವ ನೀರು ಇಷ್ಟೇ. ಪ್ರತಿಯೊಂದು ಹಳೆಯ ಬಟ್ಟೆಗೂ ಒಂದು ಚೀಟಿ ಅಂಟಿಸಿ, ಯಾರು ಉಟ್ಟದ್ದು, ಯಾವ ಊರಿನದು, ಯಾವ ವರ್ಷದ್ದು ಎಂದು ತಿಳಿದಷ್ಟನ್ನು ಬರೆದರೆ ಬೆಲೆ ತಾನೇ ಬರುವುದು. ಜರಿ ಕೊಳ್ಳುವವನು ಬಂದರೂ ಬರಲಿ, ಬೆಳ್ಳಿಗಿಂತ ಒಂದು ರೂಪಾಯಿ ಹೆಚ್ಚು ಕೊಡುವವರು ಅಲ್ಲಿದ್ದರೆ ಸಾಕು. ತಕ್ಕಡಿಯನ್ನು ಮಾತ್ರ ಬಾಗಿಲಲ್ಲೇ ಇಟ್ಟು ಒಳಗೆ ಬರತಕ್ಕದ್ದು.