ಐರೋಪ್ಯ ಒಕ್ಕೂಟದ ರಾಜಕಾರಣ ಮತ್ತು ನಮ್ಮ ಕಾಫಿ ವ್ಯಾಪಾರ

ಬೇಲೂರು ತಾಲ್ಲೂಕಿನ ಕಾಫಿ ವ್ಯಾಪಾರಿಯೊಬ್ಬರು ಲೆಕ್ಕಪತ್ರ ಪರಿಶೀಲನೆಗಾಗಿ ನನ್ನ ಕಚೇರಿಗೆ ಬಂದಿದ್ದರು. ತಮಗೆ ಕಾಫಿ ಮಾರುವ ಪ್ರತಿಯೊಬ್ಬ ಬೆಳೆಗಾರರ ತೋಟದ ಅಕ್ಷಾಂಶ-ರೇಖಾಂಶಗಳನ್ನು ರಫ್ತುದಾರರು ಕೇಳುತ್ತಿದ್ದಾರೆಂದು ತಿಳಿಸಿ, “ಯೂರೋಪಿನವರ ರಾಜಕೀಯಕ್ಕೂ ನಮ್ಮ ಕಾಫಿ ಚೀಲಕ್ಕೂ ಏನು ಸಂಬಂಧ ಸಾರ್?” ಎಂದರು. ಇದು ಅವರೊಬ್ಬರ ಪ್ರಶ್ನೆಯಲ್ಲ. ಭಾರತದ ಕಾಫಿಯಲ್ಲಿ ಸುಮಾರು ಶೇಕಡಾ 70ರಷ್ಟನ್ನು ಬೆಳೆಯುವುದು ಕರ್ನಾಟಕ; ಅದರ ಬಹುದೊಡ್ಡ ಗ್ರಾಹಕ ಯೂರೋಪು, ಅದರಲ್ಲೂ ಇಟಲಿ. ಆದ್ದರಿಂದ ಈ ಸಂಬಂಧವನ್ನು ಸದಸ್ಯರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ.

ಒಕ್ಕೂಟ ಎಂದರೇನು?

1951ರಲ್ಲಿ ಆರು ರಾಷ್ಟ್ರಗಳು ಕಲ್ಲಿದ್ದಲು ಮತ್ತು ಉಕ್ಕಿಗಾಗಿ ಮಾಡಿಕೊಂಡ ಒಪ್ಪಂದ, 1957ರ ರೋಮ್ ಒಪ್ಪಂದದಿಂದ ಸಾಮಾನ್ಯ ಮಾರುಕಟ್ಟೆಯಾಗಿ ವಿಸ್ತರಿಸಿತು. 1993ರ ಜನವರಿ 1ರಿಂದ ಸದಸ್ಯ ರಾಷ್ಟ್ರಗಳ ನಡುವಿನ ಗಡಿಗಳಲ್ಲಿ ಸರಕಿನ ಸುಂಕ ತಪಾಸಣೆ ನಿಂತುಹೋಯಿತು. ಇದರ ಅರ್ಥವನ್ನು ನಮ್ಮ ವ್ಯಾಪಾರಿಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. 2017ರ ಜುಲೈ 1ರಂದು ಜಿ.ಎಸ್.ಟಿ. ಜಾರಿಗೆ ಬಂದು ರಾಜ್ಯದ ಗಡಿಗಳ ವಾಣಿಜ್ಯ ತೆರಿಗೆ ಚೆಕ್‌ಪೋಸ್ಟ್‌ಗಳು ಎದ್ದುಹೋದಾಗ, ಅರಸೀಕೆರೆಯಿಂದ ಉತ್ತರ ಭಾರತಕ್ಕೆ ಕೊಬ್ಬರಿ ಕಳುಹಿಸುವವರು ಕಂಡ ಬದಲಾವಣೆಯೇ ಇದು. ಹಳೇಬೀಡಿಗೆ ಬರುವ ಪ್ರವಾಸಿಗರಲ್ಲಿಯೂ ಈ ಏಕೀಕರಣದ ಗುರುತು ಕಾಣುತ್ತದೆ. ಜರ್ಮನಿಯವರ ಮಾರ್ಕ್, ಫ್ರೆಂಚರ ಫ್ರಾಂಕ್, ಇಟಲಿಯವರ ಲೀರಾ ಹೋಗಿ 2002ರಿಂದ ಎಲ್ಲರ ಜೇಬಿನಲ್ಲೂ ಯೂರೋ ಬಂದಿದೆ.

ಸರಕು ಇಟಲಿಯ ಟ್ರಿಯೆಸ್ಟ್ ಬಂದರಿನಲ್ಲಿ ಒಮ್ಮೆ ಒಳಹೊಕ್ಕರೆ 27 ರಾಷ್ಟ್ರಗಳ ಮಾರುಕಟ್ಟೆ ತೆರೆದಂತೆ. ಅಲ್ಲಿ ನಿಯಮಕ್ಕೆ ವಿರುದ್ಧವೆನಿಸಿದರೆ ಆ 27 ಬಾಗಿಲುಗಳೂ ಒಟ್ಟಿಗೇ ಮುಚ್ಚಿದಂತೆ.

ನಿಯಮ ಮಾಡುವವರು ಯಾರು?

ಮೈಸೂರು ಸಂಸ್ಥಾನದಲ್ಲಿ 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಆರಂಭವಾದ ಪ್ರಜಾಪ್ರತಿನಿಧಿ ಸಭೆಗೆ ಕಾಯಿದೆ ಮಾಡುವ ಅಧಿಕಾರವಿರಲಿಲ್ಲ. ಅಹವಾಲು ಹೇಳಿಕೊಳ್ಳುವ ಅವಕಾಶವಷ್ಟೇ ಇತ್ತು. ಐರೋಪ್ಯ ಸಂಸತ್ತಿನ ಕಥೆಯೂ ಹೆಚ್ಚುಕಡಿಮೆ ಹೀಗೆಯೇ ಮೊದಲಾಯಿತು. 1979ರಲ್ಲಿ ಮೊದಲ ಬಾರಿಗೆ ಜನರಿಂದ ನೇರವಾಗಿ ಚುನಾಯಿತವಾದ ಮೇಲೆ, ಒಪ್ಪಂದದಿಂದ ಒಪ್ಪಂದಕ್ಕೆ ಅದರ ಅಧಿಕಾರ ಬೆಳೆಯಿತು. 2024ರ ಜೂನ್‌ನಲ್ಲಿ ಅದಕ್ಕೆ 720 ಸದಸ್ಯರು ಚುನಾಯಿತರಾದರು. ಇಂದು ಬಹುತೇಕ ವಿಷಯಗಳಲ್ಲಿ ಆಯೋಗವು ಮಸೂದೆ ಮಂಡಿಸುತ್ತದೆ. ಸಂಸತ್ತು ಮತ್ತು ಸದಸ್ಯ ಸರ್ಕಾರಗಳ ಮಂಡಳಿ ಎರಡೂ ಒಪ್ಪಬೇಕು. ಮಂಡಳಿಯಲ್ಲಿ ಸಾಮಾನ್ಯವಾಗಿ ಶೇಕಡಾ 55ರಷ್ಟು ರಾಷ್ಟ್ರಗಳು, ಅವು ಒಟ್ಟು ಜನಸಂಖ್ಯೆಯ ಶೇಕಡಾ 65ನ್ನು ಪ್ರತಿನಿಧಿಸುವಂತೆ, ಒಪ್ಪಬೇಕು. ಹೀಗಾಗಿ ಅಲ್ಲಿನ ಕಾನೂನು ರಾತ್ರೋರಾತ್ರಿ ಬರುವುದಿಲ್ಲ, ಬಂದದ್ದು ಸುಲಭವಾಗಿ ಹೋಗುವುದೂ ಇಲ್ಲ.

ಅರಣ್ಯನಾಶ ತಡೆ ನಿಯಮ

2023ರ ಜೂನ್ 29ರಂದು ಜಾರಿಗೆ ಬಂದ ನಿಯಮವು ಜಾನುವಾರು, ಕೋಕೋ, ಕಾಫಿ, ತಾಳೆ ಎಣ್ಣೆ, ರಬ್ಬರ್, ಸೋಯಾ ಮತ್ತು ಮರ ಎಂಬ ಏಳು ಸರಕುಗಳಿಗೆ ಅನ್ವಯಿಸುತ್ತದೆ. ತೆಂಗು ಮತ್ತು ಕೊಬ್ಬರಿ ಈ ಪಟ್ಟಿಯಲ್ಲಿಲ್ಲವೆಂಬುದು ಅರಸೀಕೆರೆಯವರಿಗೆ ಸಮಾಧಾನದ ಸಂಗತಿ. ಕಾಫಿಗೆ ಸಂಬಂಧಿಸಿ ಮುಖ್ಯವಾಗಿ ಎರಡು ಷರತ್ತುಗಳಿವೆ. 2020ರ ಡಿಸೆಂಬರ್ 31ರ ನಂತರ ಅರಣ್ಯ ಕಡಿದು ಮಾಡಿದ ತೋಟದ ಫಸಲಾಗಿರಬಾರದು. ಜೊತೆಗೆ, ಬೆಳೆದ ದೇಶದ ಕಾನೂನಿಗೆ, ಭೂಮಿಯ ಹಕ್ಕೂ ಸೇರಿದಂತೆ, ಅನುಗುಣವಾಗಿ ಬೆಳೆದದ್ದಾಗಿರಬೇಕು.

ಪ್ರತಿ ತೋಟದ ಸ್ಥಳ ಗುರುತನ್ನು ಸಲ್ಲಿಸಬೇಕಾದವರು ಯೂರೋಪಿನ ಆಮದುದಾರರು, ದಂಡವೂ ಅವರಿಗೇ. ಆದ್ದರಿಂದ ಅವರು ರಫ್ತುದಾರರನ್ನು ಕೇಳುತ್ತಾರೆ, ರಫ್ತುದಾರರು ನಮ್ಮನ್ನು ಕೇಳುತ್ತಾರೆ. ನಾಲ್ಕು ಹೆಕ್ಟೇರ್‌ವರೆಗಿನ ತೋಟಕ್ಕೆ ಒಂದು ಬಿಂದುವಿನ ಗುರುತು ಸಾಕು; ಅದಕ್ಕಿಂತ ದೊಡ್ಡದಕ್ಕೆ ಸುತ್ತಳತೆಯ ನಕ್ಷೆ ಬೇಕು. 2025ರ ಮೇ ತಿಂಗಳಲ್ಲಿ ಭಾರತವನ್ನು ಕಡಿಮೆ ಅಪಾಯದ ರಾಷ್ಟ್ರಗಳ ವರ್ಗಕ್ಕೆ ಸೇರಿಸಲಾಯಿತು. ಇದರಿಂದ ಪರಿಶೀಲನೆ ಹಗುರವಾಗುತ್ತದೆಯೇ ಹೊರತು ಸ್ಥಳ ಗುರುತಿನಿಂದ ವಿನಾಯಿತಿ ದೊರೆಯುವುದಿಲ್ಲ.

ಈ ನಿಯಮ 2024ರ ಡಿಸೆಂಬರ್ 30ರಿಂದ ಅನ್ವಯವಾಗಬೇಕಿತ್ತು. ಎರಡು ಬಾರಿ ಮುಂದೂಡಲ್ಪಟ್ಟಿತು. 2025ರ ಡಿಸೆಂಬರ್‌ನಲ್ಲಿ ಅಂಗೀಕೃತವಾದ ತಿದ್ದುಪಡಿಯಂತೆ ದೊಡ್ಡ ಮತ್ತು ಮಧ್ಯಮ ಸಂಸ್ಥೆಗಳಿಗೆ 2026ರ ಡಿಸೆಂಬರ್ 30, ಕಿರು ಮತ್ತು ಸಣ್ಣ ಸಂಸ್ಥೆಗಳಿಗೆ 2027ರ ಜೂನ್ 30 ಎಂದು ದಿನಾಂಕ ನಿಗದಿಯಾಯಿತು. ಮುಂದೂಡಿದ್ದನ್ನು ರದ್ದತಿಯೆಂದು ಭಾವಿಸುವುದು ದುಬಾರಿಯ ತಪ್ಪಾದೀತು.

ಮುಂದಿನ ದಾರಿ

ಒಕ್ಕೂಟ ಹಿಗ್ಗಿದೆ, ಕುಗ್ಗಿಯೂ ಇದೆ. 2004ರಲ್ಲಿ ಒಮ್ಮೆಗೇ 10 ರಾಷ್ಟ್ರಗಳು ಸೇರಿದವು. 2020ರ ಜನವರಿ 31ರಂದು ಬ್ರಿಟನ್ ಹೊರಬಂದಿತು. ಉಕ್ರೇನ್ ಮತ್ತು ಮಾಲ್ಡೋವಾಗಳಿಗೆ 2022ರಲ್ಲಿ ಅಭ್ಯರ್ಥಿ ಸ್ಥಾನ ದೊರೆಯಿತು. ಸರ್ಬಿಯಾ, ಮಾಂಟೆನೆಗ್ರೊ, ಅಲ್ಬೇನಿಯಾ ಮೊದಲಾದವು ಅದಕ್ಕೂ ಮೊದಲಿನಿಂದ ಸಾಲಿನಲ್ಲಿವೆ. ಪ್ರಜಾಪ್ರಭುತ್ವ, ಕಾನೂನಿನ ಆಡಳಿತ, ಸ್ಪರ್ಧೆಗೆ ನಿಲ್ಲಬಲ್ಲ ಮಾರುಕಟ್ಟೆ ಇರಬೇಕೆಂಬುದು 1993ರ ಕೋಪನ್‌ಹೇಗನ್ ಮಾನದಂಡ. ಹೊಸ ಸದಸ್ಯರಿಗೆ ಹಾಲಿ ಸದಸ್ಯರೆಲ್ಲರ ಒಪ್ಪಿಗೆಯೂ ಬೇಕಾಗಿರುವುದರಿಂದ ಈ ಕೆಲಸ ನಿಧಾನ. ಆದರೆ ಸೇರುವವರು ಒಕ್ಕೂಟದ ನಿಯಮಗಳನ್ನೂ ಒಪ್ಪಿಕೊಂಡೇ ಸೇರುತ್ತಾರೆ. ಒಕ್ಕೂಟ ಹಿಗ್ಗಿದಂತೆಲ್ಲ ಇದೇ ದಾಖಲೆ ಕೇಳುವ ಮಾರುಕಟ್ಟೆಯೂ ಹಿಗ್ಗುತ್ತದೆ.

ಭಾರತ ಮತ್ತು ಒಕ್ಕೂಟದ ನಡುವೆ 2007ರಲ್ಲಿ ಆರಂಭವಾಗಿ 2013ರಲ್ಲಿ ನಿಂತು 2022ರಲ್ಲಿ ಮರುಜೀವ ಪಡೆದ ಮುಕ್ತ ವ್ಯಾಪಾರ ಮಾತುಕತೆ ಮುಗಿದಿರುವುದಾಗಿ 2026ರ ಜನವರಿ 27ರಂದು ಘೋಷಿಸಲಾಯಿತು. ಇಂಥ ಒಪ್ಪಂದಕ್ಕೂ ಐರೋಪ್ಯ ಸಂಸತ್ತಿನ ಒಪ್ಪಿಗೆ ಬೇಕು. ಹುರಿಯದ ಹಸಿರು ಕಾಫಿಗೆ ಯೂರೋಪಿನಲ್ಲಿ ಆಮದು ಸುಂಕವಿಲ್ಲ. ಹುರಿದ ಕಾಫಿಗೆ ಸಾಮಾನ್ಯ ದರ ಶೇಕಡಾ 7.5. ಆದ್ದರಿಂದ ಸುಂಕ ರಿಯಾಯಿತಿಯ ಲಾಭವನ್ನು ಹುರಿದು ಕಳುಹಿಸುವ ಸಣ್ಣ ಉದ್ಯಮಿಗಳು ನಿರೀಕ್ಷಿಸಬಹುದು. ಹಸಿರು ಕಾಫಿಯ ವ್ಯಾಪಾರಿಗೆ ಅಡ್ಡಿಯಿರುವುದು ಸುಂಕದಲ್ಲಲ್ಲ, ಕಾಗದಪತ್ರದಲ್ಲಿ.

ಸದಸ್ಯರು ಮಾಡಬೇಕಾದದ್ದು:

1. ಪ್ರತಿ ಬೆಳೆಗಾರರ ಸರ್ವೆ ನಂಬರ್, ಪಹಣಿ ಪ್ರತಿ ಮತ್ತು ಸ್ಥಳ ಗುರುತನ್ನು ಖರೀದಿ ಪುಸ್ತಕದೊಂದಿಗೇ ಇಡುವುದು.

2. ಪಹಣಿ ಇನ್ನೂ ತೀರಿಕೊಂಡ ತಂದೆ ಅಥವಾ ಅಜ್ಜನ ಹೆಸರಿನಲ್ಲಿದ್ದರೆ, ಪೌತಿ ಖಾತೆ ಮಾಡಿಸಿಕೊಳ್ಳುವಂತೆ ಬೆಳೆಗಾರರಿಗೆ ಈಗಲೇ ತಿಳಿಸುವುದು.

3. ಮೂಲ ತಿಳಿಯದ ಕಾಫಿಯನ್ನು ಗುರುತಿರುವ ಕಾಫಿಯೊಂದಿಗೆ ಬೆರೆಸದಿರುವುದು. ಬೆರೆಸಿದರೆ ಹತ್ತು ಚೀಲದ ದೋಷ ಇಡೀ ಲಾಟಿಗೆ ತಗಲುತ್ತದೆ.

4. ಖರೀದಿ ಮತ್ತು ಸಾಗಣೆ ದಾಖಲೆಗಳನ್ನು ಕನಿಷ್ಠ ಐದು ವರ್ಷ ಕಾಪಾಡುವುದು.

ದಾಖಲೆಯಿಲ್ಲದ ಎರಡೆಕರೆ ಬೆಳೆಗಾರರನ್ನು ದೂರವಿಡುವುದು ವ್ಯಾಪಾರಿಗೆ ಸುಲಭದ ದಾರಿಯೆಂದು ತೋರಬಹುದು. ಆದರೆ ನಮ್ಮ ಮಲೆನಾಡಿನ ಬೆಳೆಗಾರರಲ್ಲಿ ಹೆಚ್ಚಿನವರು ಅಂಥವರೇ. ಅವರನ್ನು ಬಿಟ್ಟರೆ ನಾಳೆ ನಮ್ಮ ಗೋದಾಮಿಗೆ ಬರುವ ಚೀಲವೂ ಕಡಿಮೆಯಾಗುತ್ತದೆ. ನನ್ನ ಕಚೇರಿಗೆ ಬಂದಿದ್ದ ವ್ಯಾಪಾರಿ ಈಗ ಪ್ರತಿ ಖರೀದಿಯ ಚೀಟಿಯಲ್ಲಿ ಸರ್ವೆ ನಂಬರಿಗೆ ಒಂದು ಅಂಕಣ ಸೇರಿಸಿದ್ದಾರೆ. ಉಳಿದವರೂ ಅಷ್ಟರಿಂದಲೇ ಆರಂಭಿಸಬಹುದು.